ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್ ಕೆಲಸದ ಮೂಲ ಕೌಶಲಗಳು: ಮಾಡುವುದು, ಗಮನಿಸುವುದು, ತಿಳಿಸುವುದು

ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು, ಶೌಚಕ್ಕೆ ಕರೆದೊಯ್ಯುವುದು, ನರ್ಸಿಂಗ್ ಅಸಿಸ್ಟೆಂಟರ ದಿನದ ಬಹುಪಾಲು ಈ ಕೆಲಸಗಳಲ್ಲೇ ಕಳೆಯುತ್ತದೆ. ಇವು ಮನೆಯಲ್ಲಿ ಯಾರಾದರೂ ಮಾಡಬಹುದಾದ ಕೆಲಸಗಳಂತೆ ಕಾಣುವುದರಿಂದ, ಹೊಸದಾಗಿ ಸೇರುವ ಕೆಲವರು ಇದರಲ್ಲಿ ಕಲಿಯುವುದೇನಿದೆ ಎಂದುಕೊಳ್ಳುತ್ತಾರೆ. ಆದರೆ ವೈದ್ಯರು ರೋಗಿಯ ಬಳಿ ಇರುವುದು ಕೆಲವೇ ನಿಮಿಷ, ನರ್ಸ್ ಬರುವುದು ಹೆಚ್ಚಾಗಿ ಔಷಧ ಮತ್ತು ಡ್ರೆಸ್ಸಿಂಗ್‌ಗಳ ಹೊತ್ತಿಗೆ. ರೋಗಿಯ ಬರಿಯ ಬೆನ್ನನ್ನು, ಅರ್ಧಕ್ಕೇ ಬಿಟ್ಟ ತಟ್ಟೆಯನ್ನು, ನಿನ್ನೆಗಿಂತ ಗಾಢವಾಗಿರುವ ಮೂತ್ರದ ಬಣ್ಣವನ್ನು ಮೊದಲು ಕಾಣುವವರು ಅಸಿಸ್ಟೆಂಟರೇ. ಆದ್ದರಿಂದ ಕೆಲಸವನ್ನು ಅಪಾಯವಿಲ್ಲದೆ ಮಾಡಿ ಮುಗಿಸುವುದು ಎಷ್ಟು ಮುಖ್ಯವೋ, ಮಾಡುವಾಗ ಕಂಡದ್ದನ್ನು ನರ್ಸ್‌ಗೆ ಮುಟ್ಟಿಸುವುದೂ ಅಷ್ಟೇ ಮುಖ್ಯ.

ತರಬೇತಿ ಮತ್ತು ಕೆಲಸದ ಎಲ್ಲೆ

ಈ ಹುದ್ದೆಯ ಹೆಸರು ಮತ್ತು ನಿಯಮಗಳು ಅಮೆರಿಕದವು. ಅಲ್ಲಿ ನರ್ಸಿಂಗ್ ಹೋಮ್ ಎಂದರೆ ನಾವು ಕನ್ನಡದಲ್ಲಿ ಹೇಳುವ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲ, ವೃದ್ಧರೂ ದೀರ್ಘಕಾಲದ ಕಾಯಿಲೆಯವರೂ ವಾಸವಿರುವ ಆರೈಕೆ ಕೇಂದ್ರ. 1987ರಲ್ಲಿ ಆದ ಕೇಂದ್ರ ಕಾನೂನಿನ ಪ್ರಕಾರ ಇಂಥ ಕೇಂದ್ರಗಳಲ್ಲಿ ಕೆಲಸ ಮಾಡುವ ಅಸಿಸ್ಟೆಂಟರಿಗೆ ಕನಿಷ್ಠ 75 ಗಂಟೆಗಳ ತರಬೇತಿ ಕಡ್ಡಾಯ. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ಗಂಟೆಗಳನ್ನು ಕೇಳುತ್ತವೆ. ಸಂವಹನ, ಸೋಂಕು ನಿಯಂತ್ರಣ, ಸುರಕ್ಷತೆ, ನಿವಾಸಿಗಳ ಸ್ವಾವಲಂಬನೆ ಮತ್ತು ಹಕ್ಕುಗಳ ಬಗ್ಗೆ 16 ಗಂಟೆಗಳ ಪಾಠ ಮುಗಿಯುವ ಮೊದಲು ಯಾವ ನಿವಾಸಿಯನ್ನೂ ನೇರವಾಗಿ ಆರೈಕೆ ಮಾಡುವಂತಿಲ್ಲ. ಪರೀಕ್ಷೆಯಲ್ಲಿ ಬರಹದ ಅಥವಾ ಮೌಖಿಕ ಭಾಗದ ಜೊತೆಗೆ ಮಾಡಿ ತೋರಿಸುವ ಭಾಗವೂ ಇರುತ್ತದೆ. ತೇರ್ಗಡೆಯಾದವರ ಹೆಸರು ರಾಜ್ಯದ ನೋಂದಣಿ ಪಟ್ಟಿಗೆ ಸೇರುತ್ತದೆ, ಆದರೆ ಸತತ 24 ತಿಂಗಳು ಈ ಕೆಲಸವನ್ನು ಸಂಬಳಕ್ಕೆ ಮಾಡದಿದ್ದರೆ ಮತ್ತೆ ತರಬೇತಿ ಅಥವಾ ಪರೀಕ್ಷೆಗೆ ಒಳಗಾಗಬೇಕಾಗುತ್ತದೆ. ಕೆಲಸದಲ್ಲಿದ್ದಾಗಲೂ ವರ್ಷಕ್ಕೆ ಕನಿಷ್ಠ 12 ಗಂಟೆಗಳ ಮುಂದುವರಿದ ತರಬೇತಿ ಇರುತ್ತದೆ.

ಎಲ್ಲೆಯ ಬಗ್ಗೆ ಸ್ಪಷ್ಟವಾಗಿರಬೇಕು. ಪ್ರತ್ಯೇಕ ತರಬೇತಿ ಪಡೆಯದ ಅಸಿಸ್ಟೆಂಟರು ಔಷಧ ಕೊಡುವುದಿಲ್ಲ, ಆಕ್ಸಿಜನ್ನಿನ ಪ್ರಮಾಣವನ್ನು ಬದಲಿಸುವುದಿಲ್ಲ, ಡ್ರಿಪ್ ಮುಟ್ಟುವುದಿಲ್ಲ, ಕಾಯಿಲೆಗೆ ಹೆಸರಿಡುವುದಿಲ್ಲ. ನರ್ಸ್ ಒಪ್ಪಿಸಿದ ಕೆಲಸವೊಂದನ್ನು ಕಲಿತಿಲ್ಲವಾದರೆ ಹಾಗೆಂದು ಹೇಳುವುದು ಅವಿಧೇಯತೆಯಲ್ಲ. ಗೊತ್ತಿಲ್ಲದೆ ಮಾಡಿ ತೊಂದರೆಯಾದಾಗ ಹೊಣೆ ಇಬ್ಬರ ಮೇಲೂ ಬರುತ್ತದೆ.

ಕೈ ತೊಳೆಯುವುದು

ಪರೀಕ್ಷೆಯಲ್ಲೂ ವಾರ್ಡಿನಲ್ಲೂ ಮೊದಲ ಕೌಶಲ ಇದೇ. ಕೈ ಒದ್ದೆ ಮಾಡಿ, ಸೋಪು ಹಚ್ಚಿ, ಅಂಗೈ, ಹಿಂಗೈ, ಬೆರಳ ಸಂದು, ಹೆಬ್ಬೆರಳು ಮತ್ತು ಉಗುರಿನ ಕೆಳಭಾಗಗಳನ್ನು ಕನಿಷ್ಠ 20 ಸೆಕೆಂಡು ಉಜ್ಜಿ, ಬೆರಳ ತುದಿಗಳು ಕೆಳಗಿರುವಂತೆ ಹಿಡಿದು ನೀರು ಬಿಡಬೇಕು. ಕೈ ಒರೆಸಿದ ಮೇಲೆ ಒಣ ಪೇಪರ್ ಟವೆಲಿನಿಂದ ನಲ್ಲಿ ನಿಲ್ಲಿಸಬೇಕು, ಏಕೆಂದರೆ ಕೊಳೆಯಾದ ಕೈಯಿಂದ ತಿರುಗಿಸಿದ ನಲ್ಲಿಯನ್ನು ತೊಳೆದ ಕೈಯಿಂದ ಮುಟ್ಟಿದರೆ ಇಷ್ಟು ಹೊತ್ತು ಮಾಡಿದ್ದು ವ್ಯರ್ಥವಾಗುತ್ತದೆ. ಕೈ ಕೊಳೆಯಾಗಿ ಕಾಣದಿದ್ದಾಗ ಸ್ಯಾನಿಟೈಸರ್ ಸಾಕು, ಆದರೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾದಿಂದ ಭೇದಿಯಾಗುತ್ತಿರುವ ರೋಗಿಯ ಆರೈಕೆಯ ನಂತರ ಸೋಪು ಮತ್ತು ನೀರೇ ಬೇಕು, ಅದರ ಬೀಜಕಣಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ. ಗ್ಲೌಸ್ ಹಾಕಿದ್ದೇನೆ, ತೊಳೆಯುವುದೇಕೆ ಎಂಬ ವಾದವೂ ನಿಲ್ಲದು, ಗ್ಲೌಸ್ ತೆಗೆಯುವಾಗಲೇ ಕೈಗೆ ಸೋಂಕು ತಗಲುವುದುಂಟು.

ರಕ್ಷಣಾ ಉಡುಪು ಧರಿಸುವಾಗ ಗೌನ್, ಮಾಸ್ಕ್, ಕನ್ನಡಕ, ಕೊನೆಗೆ ಗ್ಲೌಸ್ ಎಂಬುದು ಕ್ರಮ. ಕಳಚುವಾಗ ಎಲ್ಲಕ್ಕಿಂತ ಕೊಳೆಯಾದ ಗ್ಲೌಸ್ ಮೊದಲು ಹೋಗಬೇಕು, ಆಮೇಲೆ ಕನ್ನಡಕ, ಗೌನ್, ಕೊನೆಗೆ ಮಾಸ್ಕ್.

ನಾಡಿ, ಉಸಿರು, ರಕ್ತದೊತ್ತಡ

ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100, ಉಸಿರಾಟ 12ರಿಂದ 20, ಬಾಯಿಯಲ್ಲಿ ಅಳೆದ ತಾಪಮಾನ ಸುಮಾರು 97ರಿಂದ 99 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ರಕ್ತದೊತ್ತಡ 120/80ಕ್ಕಿಂತ ಕಡಿಮೆಯಿದ್ದರೆ ಸಹಜ. ಈ ಅಂಕಿಗಳು ಬಾಯಿಪಾಠವಾಗಿರಬೇಕು. ಆದರೆ ಅಂಕಿ ಮಿತಿಯೊಳಗಿದೆ ಎಂದು ನೆಮ್ಮದಿಯಾಗುವುದಕ್ಕಿಂತ ನಿನ್ನೆಯ ಅಂಕಿಯೊಡನೆ ಹೋಲಿಸುವುದು ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ. ದಿನವೂ 64 ಇರುವ ನಾಡಿ ಇಂದು 96 ಇದ್ದರೆ ಪುಸ್ತಕದ ಪ್ರಕಾರ ಅದು ಸಹಜವೇ, ಆದರೂ ನರ್ಸ್‌ಗೆ ಹೇಳಲೇಬೇಕಾದ ಸಂಗತಿ.

ನಾಡಿಯನ್ನು ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬದಿಗೆ, ತೋರುಬೆರಳು ಮತ್ತು ನಡುಬೆರಳುಗಳಿಂದ ಹಗುರವಾಗಿ ಒತ್ತಿ ಎಣಿಸಬೇಕು. ಹೆಬ್ಬೆರಳಿನಲ್ಲೇ ನಾಡಿ ಮಿಡಿಯುವುದರಿಂದ ಅದನ್ನು ಬಳಸಿದರೆ ನಿಮ್ಮ ನಾಡಿಯನ್ನೇ ಎಣಿಸಿಬಿಡುತ್ತೀರಿ. ಮಿಡಿತ ಏರುಪೇರಾಗಿದ್ದರೆ ಪೂರ್ತಿ ಒಂದು ನಿಮಿಷ ಎಣಿಸುವುದು ಅಗತ್ಯ. ಉಸಿರಾಟದ ಎಣಿಕೆಗೆ ಒಂದು ಸೂಕ್ಷ್ಮವಿದೆ. ಉಸಿರು ಎಣಿಸುತ್ತೇನೆ ಎಂದರೆ ಯಾರೇ ಆಗಲಿ ತಮಗರಿವಿಲ್ಲದೆ ಉಸಿರಾಟದ ಲಯವನ್ನು ಬದಲಿಸುತ್ತಾರೆ. ಆದ್ದರಿಂದ ನಾಡಿ ಎಣಿಸಿ ಮುಗಿದರೂ ಮಣಿಕಟ್ಟನ್ನು ಬಿಡದೆ, ಕಣ್ಣನ್ನು ಗಡಿಯಾರದಿಂದ ಎದೆಯ ಕಡೆಗೆ ಮೆಲ್ಲಗೆ ಸರಿಸಿ, ಎದೆ ಒಮ್ಮೆ ಏರಿ ಇಳಿದದ್ದನ್ನು ಒಂದು ಎಂದು ಎಣಿಸಿಕೊಳ್ಳಬೇಕು. ಸಂಖ್ಯೆಯ ಜೊತೆಗೆ ಸದ್ದು, ಏದುಸಿರು, ಕುತ್ತಿಗೆಯ ಸ್ನಾಯುಗಳ ಸೆಳೆತ, ತುಟಿಯ ನೀಲಿ ಛಾಯೆಗಳನ್ನೂ ನೋಡಬೇಕು.

ರಕ್ತದೊತ್ತಡ ಅಳೆಯುವ ಮೊದಲು ರೋಗಿ ಐದು ನಿಮಿಷ ಸುಮ್ಮನೆ ಕುಳಿತಿರಬೇಕು, ತೋಳು ಹೃದಯದ ಮಟ್ಟದಲ್ಲಿ ಆಸರೆಯ ಮೇಲಿರಬೇಕು. ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಡಯಾಲಿಸಿಸ್‌ಗಾಗಿ ಫಿಸ್ಟುಲಾ (ಅಪಧಮನಿ ಮತ್ತು ಅಭಿಧಮನಿಗಳ ಜೋಡಣೆ) ಮಾಡಿದ ತೋಳಿಗೆ, ಡ್ರಿಪ್ ಇರುವ ತೋಳಿಗೆ, ಸ್ತನ ಶಸ್ತ್ರಚಿಕಿತ್ಸೆಯಾದ ಬದಿಯ ತೋಳಿಗೆ ಪಟ್ಟಿ ಕಟ್ಟುವ ಮೊದಲು ನರ್ಸ್‌ರನ್ನು ಕೇಳಬೇಕು.

ಮಗ್ಗುಲು ಮತ್ತು ಚರ್ಮ

ಹಾಸಿಗೆ ಹುಣ್ಣು ಆಗುವುದು ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿಕೊಂಡ ಚರ್ಮಕ್ಕೆ ರಕ್ತ ಹರಿಯದಿದ್ದಾಗ. ಬೆನ್ನಿನ ಕೆಳತುದಿ, ಹಿಮ್ಮಡಿ, ಸೊಂಟದ ಬದಿ, ಮೊಣಕೈ, ಭುಜದ ಹಲಗೆ, ತಲೆಯ ಹಿಂಭಾಗ, ಕಿವಿಯ ಅಂಚು, ಇವೇ ಅದರ ಮುಖ್ಯ ಜಾಗಗಳು. ತಾನಾಗಿ ಹೊರಳಲಾರದವರ ಮಗ್ಗುಲನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ, ಅಥವಾ ಆರೈಕೆ ಯೋಜನೆಯಲ್ಲಿ ಬರೆದಿರುವಂತೆ ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುವುದರಿಂದ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಮಾತ್ರ ಓರೆಯಾಗಿಸುವುದು ಒಳ್ಳೆಯದು. ಹಿಮ್ಮಡಿಗಳು ಹಾಸಿಗೆಗೆ ತಾಗದಂತೆ ಕಣಕಾಲಿನ ಕೆಳಗೆ ದಿಂಬು ಇಡಬೇಕು. ಮೇಲಕ್ಕೆ ಸರಿಸುವಾಗ ರೋಗಿಯನ್ನು ಎಳೆಯಬಾರದು. ಇಬ್ಬರು ಸೇರಿ ಕೆಳಗಿನ ಅಡ್ಡ ಹಾಸನ್ನು ಹಿಡಿದು ಎತ್ತಿ ಸರಿಸಬೇಕು, ಎಳೆದಾಗ ಚರ್ಮ ಅಲ್ಲೇ ಉಳಿದು ಒಳಗಿನ ಮೂಳೆ ಮಾತ್ರ ಸರಿಯುತ್ತದೆ.

ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟು ನೋಡಿ. ಬಿಳಿಚಿ ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆ ಎಂದರ್ಥ. ಒತ್ತಿದರೂ ಬಿಳಿಚದೆ ಕೆಂಪಾಗಿಯೇ ಇದ್ದರೆ ಅದು ಹುಣ್ಣಿನ ಮೊದಲ ಹಂತ. ಕಪ್ಪು ಅಥವಾ ಕಂದು ಚರ್ಮದಲ್ಲಿ ಈ ಕೆಂಪು ಕಾಣದೇ ಹೋಗಬಹುದು. ಅಲ್ಲಿ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ನೇರಳೆ ಛಾಯೆ ಇದೆಯೇ, ಮುಟ್ಟಿದರೆ ನೋಯುತ್ತದೆಯೇ ಎಂದು ಪರೀಕ್ಷಿಸಬೇಕು. ಆ ಜಾಗವನ್ನು ತಿಕ್ಕಬಾರದು. ರಕ್ತ ಸಂಚಾರವಾಗಲೆಂದು ಎಣ್ಣೆ ಹಚ್ಚಿ ಉಜ್ಜುವ ಹಳೆಯ ರೂಢಿಯಿಂದ ಒಳಗಿನ ಅಂಗಾಂಶಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ.

ಎಬ್ಬಿಸುವುದು, ನಡೆಸುವುದು, ಉಡಿಸುವುದು

ಹಾಸಿಗೆಯಿಂದ ವೀಲ್‌ಚೇರಿಗೆ ಕೂರಿಸುವಾಗ ಮೊದಲು ಎರಡೂ ಕಡೆಯ ಬ್ರೇಕ್ ಹಾಕಿ, ಹಾಸಿಗೆಯನ್ನು ತಗ್ಗಿಸಿ, ರೋಗಿಗೆ ಜಾರದ ಚಪ್ಪಲಿ ತೊಡಿಸಬೇಕು. ಕುರ್ಚಿ ಇರಬೇಕಾದದ್ದು ರೋಗಿಯ ಬಲವಿರುವ ಬದಿಗೆ. ಮಲಗಿದ್ದವರನ್ನು ಒಮ್ಮೆಲೇ ನಿಲ್ಲಿಸದೆ, ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಿಸಿ, ತಲೆ ಸುತ್ತುತ್ತಿದೆಯೇ ಎಂದು ಕೇಳಬೇಕು. ಆಮೇಲೆ ರೋಗಿಯ ಬಟ್ಟೆಯ ಮೇಲೆ ಸೊಂಟಪಟ್ಟಿ ಬಿಗಿದು, ಅದನ್ನು ಹಿಡಿದು, ಸೊಂಟ ಬಗ್ಗಿಸದೆ ಮಂಡಿ ಮಡಿಸಿ, 'ಮೂರು ಎನ್ನುವಾಗ ಏಳೋಣ' ಎಂದು ಹೇಳಿ ಎಬ್ಬಿಸಬೇಕು. ತೋಳಿನ ಕೆಳಗೆ ಕೈ ಹಾಕಿ ಎತ್ತುವುದು ರೋಗಿಯ ಭುಜದ ಕೀಲಿಗೂ ನಿಮ್ಮ ಬೆನ್ನಿಗೂ ಅಪಾಯ.

ನಡೆಸುವಾಗ ಬಲಹೀನವಾದ ಬದಿಯಲ್ಲಿ ಸ್ವಲ್ಪ ಹಿಂದೆ ನಿಲ್ಲಬೇಕು. ರೋಗಿ ಬೀಳತೊಡಗಿದರೆ ಬಿಗಿಯಾಗಿ ಹಿಡಿದು ನಿಲ್ಲಿಸಲು ಹೋಗಬಾರದು. ಸೊಂಟಪಟ್ಟಿ ಹಿಡಿದೇ ಹತ್ತಿರಕ್ಕೆ ಸೆಳೆದುಕೊಂಡು, ನಿಮ್ಮ ಕಾಲಿನ ಮೇಲೆ ಜಾರಿಸಿ, ತಲೆಗೆ ಪೆಟ್ಟಾಗದಂತೆ ನೆಲಕ್ಕೆ ಇಳಿಸಿ, ಅಲ್ಲಿಂದಲೇ ಸಹಾಯಕ್ಕೆ ಕರೆಯಬೇಕು. ನರ್ಸ್ ಬಂದು ನೋಡುವವರೆಗೆ ಎಬ್ಬಿಸಬಾರದು.

ಲಕ್ವ ಹೊಡೆದವರಿಗೆ ಅಂಗಿ ತೊಡಿಸುವಾಗ ಮೊದಲು ಸೋತ ಕೈ, ತೆಗೆಯುವಾಗ ಮೊದಲು ಗಟ್ಟಿ ಕೈ. ಕಾರಣ ಸರಳವಾಗಿದೆ. ಸೋತ ಕೈ ಮಡಚದು. ಅಂಗಿಯ ತೋಳು ಪೂರ್ತಿ ಸಡಿಲವಿರುವಾಗಲೇ ಸೋತ ಕೈಯನ್ನು ಒಳಗೆ ಸೇರಿಸಿದರೆ, ಉಳಿದ ಬಿಗಿಯಲ್ಲಿ ಗಟ್ಟಿ ಕೈ ತಾನೇ ದಾರಿ ಮಾಡಿಕೊಳ್ಳುತ್ತದೆ. ಗುಂಡಿಯನ್ನು ಅವರೇ ಹಾಕಿಕೊಳ್ಳಬಲ್ಲರಾದರೆ, ಎಷ್ಟೇ ತಡವಾಗಲಿ, ಬಿಡಬೇಕು. ಅವಸರಕ್ಕೆ ನಾವೇ ಹಾಕಿಬಿಟ್ಟರೆ ಕೆಲವೇ ವಾರಗಳಲ್ಲಿ ಅವರಿಗೆ ಆ ಅಭ್ಯಾಸ ತಪ್ಪಿಹೋಗಬಹುದು.

ಸ್ನಾನ, ಶೌಚ, ಊಟ

ಪ್ರತಿ ಕೆಲಸಕ್ಕೂ ಮೊದಲು ಬಾಗಿಲು ತಟ್ಟಿ, ಹೆಸರು ಹೇಳಿಕೊಂಡು, ರೋಗಿಯ ಗುರುತನ್ನು ಖಚಿತಪಡಿಸಿಕೊಂಡು, ಏನು ಮಾಡಲಿದ್ದೇವೆಂದು ತಿಳಿಸಿ, ಪರದೆ ಎಳೆಯಬೇಕು. ಮೈ ಒರೆಸುವ ನೀರು ಸುಮಾರು 105ರಿಂದ 110 ಡಿಗ್ರಿ ಫ್ಯಾರನ್‌ಹೀಟ್ ಇರಬಹುದು, ಹಿತವಾಗಿದೆಯೇ ಎಂದು ರೋಗಿಯನ್ನೂ ಕೇಳಬೇಕು. ಮುಖದಿಂದ ಆರಂಭಿಸಿ, ಕಣ್ಣನ್ನು ಸೋಪಿಲ್ಲದೆ ಮೂಗಿನ ಬದಿಯಿಂದ ಹೊರಕ್ಕೆ ಒರೆಸಿ, ಒಂದೊಂದು ಭಾಗವನ್ನಷ್ಟೇ ತೆರೆದು ಮಿಕ್ಕದ್ದನ್ನು ಹೊದಿಸಿರಬೇಕು. ಗುಪ್ತಾಂಗವನ್ನು ಸ್ವಚ್ಛಗೊಳಿಸುವಾಗ ಯಾವಾಗಲೂ ಮುಂದಿನಿಂದ ಹಿಂದಕ್ಕೆ ಒರೆಸಬೇಕು, ಪ್ರತಿ ಬಾರಿ ಬಟ್ಟೆಯ ಶುಚಿಯಾದ ಭಾಗವನ್ನೇ ಬಳಸಬೇಕು. ಕ್ಯಾಥೆಟರ್ ಇದ್ದರೆ ಕೊಳವೆಯನ್ನು ದೇಹದಿಂದ ಹೊರಮುಖವಾಗಿ ಒರೆಸಬೇಕು, ಮೂತ್ರದ ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಹಲ್ಲಿನ ಸೆಟ್ ತೊಳೆಯುವಾಗ ಬೇಸಿನ್ನಿಗೆ ಟವೆಲ್ ಹಾಸಿಕೊಂಡರೆ ಕೈಜಾರಿ ಬಿದ್ದರೂ ಒಡೆಯುವುದಿಲ್ಲ.

ಊಟ ಮಾಡಿಸುವಾಗ ರೋಗಿ ನೆಟ್ಟಗೆ ಕುಳಿತಿರಬೇಕು, ಊಟದ ನಂತರವೂ ಕನಿಷ್ಠ 30 ನಿಮಿಷ ಹಾಗೆಯೇ ಇರಬೇಕು. ನಿಂತು ತಿನ್ನಿಸಿದರೆ ರೋಗಿ ಕತ್ತು ಮೇಲೆತ್ತುತ್ತಾರೆ, ಆಗ ಆಹಾರ ಶ್ವಾಸನಾಳಕ್ಕೆ ಇಳಿಯುವ ಸಂಭವ ಹೆಚ್ಚು, ಆದ್ದರಿಂದ ನೀವೂ ಎದುರಿಗೆ ಕುಳಿತುಕೊಳ್ಳಿ. ಸಣ್ಣ ತುತ್ತು ಕೊಟ್ಟು, ನುಂಗಿದ್ದು ಕಂಡ ಮೇಲೆ ಮುಂದಿನ ತುತ್ತು. ಲಕ್ವದವರಲ್ಲಿ ಸೋತ ಕೆನ್ನೆಯೊಳಗೆ ಆಹಾರ ಉಳಿದಿರುತ್ತದೆ, ಕೊನೆಗೆ ಬಾಯಿ ನೋಡಬೇಕು. ಕುಡಿದ ನಂತರ ಧ್ವನಿ ಒದ್ದೆಯಾದಂತೆ ಗೊರಗೊರ ಎಂದರೆ, ಕೆಮ್ಮು ಬಂದರೆ, ತಿನ್ನಿಸುವುದನ್ನು ನಿಲ್ಲಿಸಿ ನರ್ಸ್‌ರನ್ನು ಕರೆಯಿರಿ. ಕುಡಿದದ್ದನ್ನೂ ಮೂತ್ರದ ಪ್ರಮಾಣವನ್ನೂ ಮಿಲಿಲೀಟರಿನಲ್ಲಿ ಬರೆಯಬೇಕು. ಒಂದು ಔನ್ಸಿಗೆ 30 ಮಿಲಿಲೀಟರ್ ಎಂದು ಲೆಕ್ಕ.

ತಡಮಾಡದೆ ತಿಳಿಸಬೇಕಾದದ್ದು

ಮುಖ ಒಂದು ಬದಿಗೆ ಜೋತುಬಿದ್ದರೆ, ಒಂದು ತೋಳು ಎತ್ತಲಾಗದಿದ್ದರೆ, ಮಾತು ತೊದಲಿದರೆ, ಎದೆನೋವು ಅಥವಾ ಉಸಿರಾಟದ ಕಷ್ಟ ಕಂಡರೆ ಆ ಕ್ಷಣವೇ ನರ್ಸ್‌ರನ್ನು ಕರೆಯಬೇಕು, ಲಕ್ಷಣ ಶುರುವಾದ ಸಮಯವನ್ನೂ ನೋಡಿಕೊಳ್ಳಬೇಕು. ವೃದ್ಧರಲ್ಲಿ ಹಠಾತ್ತನೆ ಕಾಣಿಸುವ ಗೊಂದಲವನ್ನು ವಯಸ್ಸಿನ ಮರೆವು ಎಂದು ತಳ್ಳಿಹಾಕಬಾರದು. ಜ್ವರವಿಲ್ಲದೆಯೇ ಸೋಂಕು ಹೀಗೆ ತಲೆದೋರುವುದುಂಟು. ಯಾರಾದರೂ ನಿವಾಸಿಯನ್ನು ಹೊಡೆದ, ಬೈದ ಅಥವಾ ಕಡೆಗಣಿಸಿದ ಸಂದೇಹವಿದ್ದರೂ ತಿಳಿಸುವುದು ಕಾನೂನಿನ ಹೊಣೆ, ಖಚಿತವಾಗುವವರೆಗೆ ಕಾಯುವಂತಿಲ್ಲ.

ತಿಳಿಸುವ ಮಾತಿನಲ್ಲಿ ಊಹೆಗಿಂತ ಕಂಡದ್ದು ಇರಬೇಕು. 'ಇವತ್ತು ಯಾಕೋ ಸರಿಯಿಲ್ಲ' ಎಂದರೆ ನರ್ಸ್‌ಗೆ ಏನೂ ತಿಳಿಯದು. 'ತಿಂಡಿಯಲ್ಲಿ ಕಾಲು ಭಾಗ ತಿಂದರು, ಬೆಳಿಗ್ಗೆ 7ರಿಂದ 120 ಮಿಲಿಲೀಟರ್ ಮೂತ್ರ ಹೋಗಿದೆ, ಬಣ್ಣ ಗಾಢವಾಗಿದೆ, ಮಗಳ ಹೆಸರನ್ನು ಎರಡು ಬಾರಿ ತಪ್ಪಾಗಿ ಹೇಳಿದರು' ಎಂದರೆ ಅವರು ಮುಂದಿನ ಹೆಜ್ಜೆ ಇಡಬಹುದು. ಮಾಡುವ ಮೊದಲೇ ಮಾಡಿದ್ದೇವೆಂದು ಬರೆದಿಡುವ ಅಭ್ಯಾಸ ಬೇಡ. 4 ಗಂಟೆಯ ಮಗ್ಗುಲನ್ನು 3 ಗಂಟೆಗೇ ಬರೆದು, ನಡುವೆ ಬೇರೆ ಕರೆ ಬಂದು ಮರೆತರೆ ದಾಖಲೆ ಸುಳ್ಳಾಗುತ್ತದೆ. ಕಾಗದದ ಚಾರ್ಟಿನಲ್ಲಿ ತಪ್ಪು ಬರೆದರೆ ಕೆರೆದು ಅಳಿಸದೆ, ಬಿಳಿ ಬಳಿಯದೆ, ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ದಿನಾಂಕ, ಸಮಯ ಮತ್ತು ಕಿರುಸಹಿ ಹಾಕಬೇಕು.