ನೀರಿನ ಪಕ್ಕದ ಹಳೇ ರೈಲು ದಾರಿಯಲ್ಲಿ ಮಕ್ಕಳ ಜೊತೆ ಸೈಕಲ್ ಸವಾರಿ

ಮಕ್ಕಳನ್ನು ಕರೆದುಕೊಂಡು ಮೊದಲ ಸಲ ಸ್ವಲ್ಪ ದೂರ ಸೈಕಲ್ ಹೊಡೆಯಬೇಕು ಅಂತಿದ್ದರೆ, ಹಳಿ ಕಿತ್ತು ಸೈಕಲ್ ದಾರಿ ಮಾಡಿರುವ ಹಳೇ ರೈಲು ಮಾರ್ಗ ಹುಡುಕಿ. ನೀರಿನ ದಂಡೆ ಹಿಡಿದು ಹೋಗುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಹಳಿ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಮ್ಮಿ, ರೈಲಿಗೆ ಕಡಿದಾದ ಏರು ಹತ್ತಲು ಆಗುವುದಿಲ್ಲ, ಅದಕ್ಕೇ ಗುಡ್ಡ ಕಡಿದು ತಗ್ಗು ತುಂಬಿ ದಾರಿ ಮಾಡಿರುತ್ತಾರೆ. ಸಾಮಾನ್ಯವಾಗಿ 100 ಮೀಟರಿಗೆ 2-3 ಮೀಟರಿಗಿಂತ ಜಾಸ್ತಿ ಏರು ಇರುವುದಿಲ್ಲ. ವಾಹನಗಳ ಕಾಟವೂ ಇಲ್ಲ.

ಆದರೆ ಸಮತಟ್ಟು ಅಂದ ತಕ್ಷಣ ಸುಲಭ ಅಂದುಕೊಳ್ಳಬೇಡಿ. ಇಳಿಜಾರು ಇಲ್ಲ ಅಂದರೆ ಪೆಡಲ್ ಬಿಟ್ಟು ಸುಮ್ನೆ ಕೂರುವ ಅವಕಾಶವೂ ಇಲ್ಲ ಅಲ್ವಾ? ಮಕ್ಕಳು ಇಡೀ ಹೊತ್ತು ತುಳಿಯುತ್ತಲೇ ಇರಬೇಕು. ಕಾಲಿಗಿಂತ ಮೊದಲು ಕೂತ ಜಾಗ ನೋಯುತ್ತದೆ. 20-30 ನಿಮಿಷಕ್ಕೊಮ್ಮೆ, ಅವರು ಕೇಳುವ ಮೊದಲೇ, ಇಳಿಸಿ ನೀರು ಕುಡಿಸಿ.

ದೊಡ್ಡ ಆಟ ಇರುವುದು ಗಾಳಿಯದ್ದು. ಬಿಸಿಲು ಏರುತ್ತಾ ನೆಲ ಕಾದ ಹಾಗೆ ನೀರಿನ ಕಡೆಯಿಂದ ಗಾಳಿ ಶುರುವಾಗುತ್ತದೆ, ಮಧ್ಯಾಹ್ನಕ್ಕೆ ಜೋರಾಗುತ್ತದೆ. ಹಾಗಾಗಿ ಬೆಳಿಗ್ಗೆ ಬೇಗ ಹೊರಡಿ. ಹೊರಡುವ ಮುಂಚೆ ಯಾವುದಾದರೂ ಬಾವುಟ ನೋಡಿ, ಇಲ್ಲದಿದ್ದರೆ ನೀರಿನ ಮೇಲಿನ ಅಲೆ ಯಾವ ಕಡೆ ಓಡುತ್ತಿದೆ ನೋಡಿ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ, ಹೀಗೆ ದಿಕ್ಕು ಆರಿಸಿಕೊಳ್ಳಿ. ಇದು ಉಲ್ಟಾ ಆದರೆ ಹೋಗುವಾಗ ಹಾರಿಕೊಂಡು ಹೋದ ಮಗು ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಸೈಕಲ್ ಬಿಸಾಕಿ ಕೂರುತ್ತದೆ, ಆಮೇಲೆ ನೀವು ಒಂದು ಕೈಯಲ್ಲಿ ನಿಮ್ಮದು ಇನ್ನೊಂದು ಕೈಯಲ್ಲಿ ಅದರದ್ದು ತಳ್ಳಿಕೊಂಡು ಬರಬೇಕು.

ಅಮೆರಿಕದ ವರ್ಮಾಂಟ್‌ನಲ್ಲಿ ಐಲ್ಯಾಂಡ್ ಲೈನ್ ಟ್ರೇಲ್ ಅಂತ ಒಂದಿದೆ. ಶಾಂಪ್ಲೇನ್ ಸರೋವರದ ನಡುವೆ ಹಳೇ ರೈಲಿಗಾಗಿ ಹಾಕಿದ ಕಲ್ಲಿನ ಏರಿ ಮೇಲೆ ಮೈಲಿಗಟ್ಟಲೆ ಹೋಗುತ್ತದೆ, ಎರಡೂ ಕಡೆ ನೀರು. ದೋಣಿಗಳು ದಾಟಲು ಏರಿಯಲ್ಲಿ ಒಂದು ಕಡೆ ಜಾಗ ಬಿಟ್ಟಿದ್ದಾರೆ, ಅಲ್ಲಿ ಹಿಂದೆ ತಿರುಗುವ ರೈಲು ಸೇತುವೆ ಇತ್ತು. ಈಗ ಸೈಕಲ್ ಸಮೇತ ಜನರನ್ನು ದಾಟಿಸಲು ಫೆರಿ ಇದೆ, ಅದೂ ವರ್ಷವಿಡೀ ಅಲ್ಲ. ಇಂಥ ಕಡೆ ಗಾಳಿಗೆ ತಡೆಯೂ ಇಲ್ಲ, ನೆರಳೂ ಇಲ್ಲ. ನೋಟ ಚೆನ್ನಾಗಿದ್ದಷ್ಟೂ ಬಿಸಿಲು ಜಾಸ್ತಿ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ನೀರಿನಿಂದಲೂ ಬಿಸಿಲು ಎರಚುತ್ತದೆ, ಗಲ್ಲದ ಕೆಳಗೂ ಸನ್‌ಸ್ಕ್ರೀನ್ ಹಚ್ಚಿ.

ದೂರ ಎಷ್ಟು? ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರು ಆರಾಮಾಗಿ ತುಳಿಯುವಷ್ಟು, ಅದೂ ಹೋಗಿ ಬರುವುದು ಸೇರಿಸಿ. ಚಿಕ್ಕ ಮಕ್ಕಳ ಜೊತೆ ಗಂಟೆಗೆ 8-10 ಕಿ.ಮೀ. ಹೋದರೆ ಅದೇ ದೊಡ್ಡದು. ದಾರಿ ಮುಗಿಯುವ ತನಕ ಹೋಗಲೇಬೇಕು ಅಂತ ಎಲ್ಲೂ ಬರೆದಿಲ್ಲ.

ಸೈಕಲ್ ನೋಡಿಕೊಳ್ಳಲು ಐದು ನಿಮಿಷ ಸಾಕು. ಗಾಳಿ ಹೊಡೆಯಿರಿ (ಎಷ್ಟು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ), ಎರಡೂ ಬ್ರೇಕ್ ಹಿಡಿದು ನೋಡಿ, ಬೆಲ್ ಇದೆಯಾ ನೋಡಿ. ಹೊಸದಾಗಿ ಕಲಿತ ಮಗುವಿಗೆ ಸೀಟಿನ ಮೇಲೆ ಕೂತಾಗ ಎರಡೂ ಕಾಲಿನ ತುದಿ ನೆಲಕ್ಕೆ ತಾಗಬೇಕು. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳಷ್ಟೇ ಮೇಲಿರಲಿ. ತುಂಬಾ ಮಕ್ಕಳು ಅದನ್ನು ತಲೆ ಹಿಂದಕ್ಕೆ ತಳ್ಳಿ ಹಣೆ ಪೂರ್ತಿ ಬಿಟ್ಟುಕೊಂಡಿರುತ್ತಾರೆ, ಹಾಗೆ ಹಾಕಿದರೆ ಬಿದ್ದಾಗ ಹಣೆಗೇ ಪೆಟ್ಟು.

ದಾರಿಯಲ್ಲಿ ದೊಡ್ಡವರು ಇಬ್ಬರಿದ್ದರೆ ಒಬ್ಬರು ಮುಂದೆ, ಒಬ್ಬರು ಹಿಂದೆ. ಒಬ್ಬರೇ ಇದ್ದರೆ ಹಿಂದೆಯೇ ಇರಿ, ಮಕ್ಕಳು ಕಣ್ಣಿಗೆ ಕಾಣಬೇಕು. ರಸ್ತೆ ಅಡ್ಡ ಬರುವ ಕಡೆ ಎಲ್ಲರೂ ಇಳಿದು ತಳ್ಳಿಕೊಂಡು ದಾಟಿ. ಅಲ್ಲೇ ಕಾರು ನುಗ್ಗದಂತೆ ದಾರಿ ಮಧ್ಯೆ ಕಂಬ ನೆಟ್ಟಿರುತ್ತಾರೆ, ಹಿಂದೆ ತಿರುಗಿ ಮಾತಾಡುತ್ತಾ ಬರುವ ಮಗುವಿಗೆ ಅದು ಕಾಣುವುದೇ ಇಲ್ಲ, ದೂರದಿಂದಲೇ ಕೂಗಿ ಹೇಳಿ. ಮರದ ಹಲಗೆ ಸೇತುವೆ ಒದ್ದೆಯಿದ್ದರೆ ಜಾರುತ್ತದೆ, ಅದರ ಮೇಲೆ ಬ್ರೇಕ್ ಹಾಕಬಾರದು, ತಿರುಗಿಸಲೂಬಾರದು. ಮರಳು ಬಿದ್ದ ಕಡೆಯೂ ಹೀಗೇ. ಕೆಲವು ಕಡೆ ಹಳೇ ಹಳಿ ಒಂದೆರಡು ತುಂಡು ಹಾಗೇ ಉಳಿದಿರುತ್ತದೆ. ಓರೆಯಾಗಿ ದಾಟಿದರೆ ಚಕ್ರ ಸಂದಿಗೆ ಸಿಕ್ಕಿಕೊಳ್ಳುತ್ತದೆ, ನೇರ ಅಡ್ಡಕ್ಕೆ ದಾಟಿಸಿ. ನಿಲ್ಲುವಾಗ ದಾರಿ ಬಿಟ್ಟು ಪಕ್ಕಕ್ಕೆ ಬನ್ನಿ, ಆದರೆ ನೀರಿನ ಅಂಚಿನ ಕಡೆ ಅಲ್ಲ.

ಸಮುದ್ರದ ಪಕ್ಕ ಹೋಗಿದ್ದರೆ ಇನ್ನೊಂದು ಕೆಲಸ ಉಳಿದಿರುತ್ತದೆ. ಮನೆಗೆ ಬಂದ ದಿನವೇ ಸೈಕಲ್ಲಿಗೆ ಸಿಹಿನೀರು ಹಾಕಿ ತೊಳೆದು, ಚೈನು ಒಣಗಿಸಿ ಎಣ್ಣೆ ಬಿಡಿ. ನಾಳೆ ನೋಡೋಣ ಅಂತ ಬಿಟ್ಟರೆ ಉಪ್ಪಿನ ಗಾಳಿಗೆ ತುಕ್ಕು ಹಿಡಿಯಲು ಜಾಸ್ತಿ ಹೊತ್ತು ಬೇಡ.