ಹಿತ್ತಲಲ್ಲಿ ಅರ್ಧ ನೆಲದೊಳಗೆ ಒಂದು ವರ್ಕ್‌ಶಾಪ್

ವರ್ಕ್‌ಶಾಪನ್ನು ನೆಲಮಟ್ಟದಿಂದ ಒಂದು ಮೀಟರ್ ಕೆಳಗಿಳಿಸಿ ಕಟ್ಟಿದರೆ ಲಾಭ ಬಹಳ. ಹೊರಗಿನಿಂದ ಕಟ್ಟಡ ಗಿಡ್ಡವಾಗಿ ಕಂಡರೂ ಒಳಗೆ ಬೇಕಾದಷ್ಟು ಎತ್ತರ ಸಿಗುತ್ತದೆ. ಗರಗಸದ ಸದ್ದು ಪಕ್ಕದ ಮನೆಗೆ ಅಷ್ಟಾಗಿ ಕೇಳಿಸುವುದಿಲ್ಲ. ಸುತ್ತ ಮಣ್ಣಿರುವುದರಿಂದ ಬಿಸಿಲು, ಚಳಿ ಎರಡರ ಕಾಟವೂ ಕಡಿಮೆ. ಆದರೆ ಹೊಂಡ ತೋಡಿದ ಮೇಲೆ ನೀರು ಹುಡುಕಿಕೊಂಡು ಅಲ್ಲಿಗೇ ಬರುತ್ತದೆ, ಅಲ್ವಾ? ಹಾಗಾಗಿ ಬೆಂಚು, ಕಿಟಕಿಗಳ ಯೋಚನೆಗೆ ಮೊದಲು ನೀರು ಎಲ್ಲಿಗೆ ಹೋಗಬೇಕು ಅನ್ನುವುದನ್ನು ತೀರ್ಮಾನಿಸಿ.

ಅಗೆಯುವ ಮೊದಲು

ನಿಮ್ಮ ವರ್ಕ್‌ಶಾಪಿನ ನೆಲ ಬರುವ ಮಟ್ಟಕ್ಕಿಂತ ಅರ್ಧ ಮೀಟರ್ ಆಳಕ್ಕೆ ಒಂದು ಸಣ್ಣ ಗುಂಡಿ ತೋಡಿ. ಮೇಲೆ ಗಟ್ಟಿಯಾಗಿ ಮುಚ್ಚಿಟ್ಟು, ಮಳೆಗಾಲದಲ್ಲಿ ತೆಗೆದು ನೋಡುತ್ತಿರಿ. ನೀರು ಒಸರಿ ನಿಂತೇ ಇದ್ದರೆ ಆಳ ಕಡಿಮೆ ಮಾಡಿ, ಇಲ್ಲವೇ ನೆಲದ ಮೇಲೆಯೇ ಕಟ್ಟಿ. ಈ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಬೇಸಿಗೆಯಲ್ಲಿ ಒಣಗಿದ ಗುಂಡಿ ನೋಡಿ ಕೆಲಸ ಶುರು ಮಾಡಿದರೆ ಮಳೆಗಾಲದಲ್ಲಿ ಪಂಪ್ ಹಿಡಿದು ಕೂರಬೇಕಾಗುತ್ತದೆ.

ನೆಲದಡಿಯ ನೀರಿನ ಪೈಪ್, ಒಳಚರಂಡಿ, ಕರೆಂಟ್ ಕೇಬಲ್ ಎಲ್ಲಿವೆ ಅಂತ ಗುರುತು ಮಾಡಿ. ಪರವಾನಗಿ ಬೇಕೇ ಅಂತ ವಿಚಾರಿಸಿ. ಮನೆಯ ಅಥವಾ ಪಕ್ಕದವರ ಗೋಡೆ ಹತ್ತಿರವಿದ್ದರೆ ಇನ್ನೂ ಎಚ್ಚರ ಬೇಕು. ಅದರ ಪಾಯದ ತಳದಿಂದ 45 ಡಿಗ್ರಿ ಓರೆಯಲ್ಲಿ ಕೆಳಗೆ ಒಂದು ಗೆರೆ ಎಳೆದಂತೆ ಊಹಿಸಿಕೊಳ್ಳಿ. ನಿಮ್ಮ ಹೊಂಡ ಆ ಗೆರೆಯನ್ನು ದಾಟುತ್ತಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಬರದೆ ಗುದ್ದಲಿ ಎತ್ತಬೇಡಿ.

ಮಣ್ಣು ತೆಗೆಯುವಾಗ

6 ಮೀಟರ್ ಉದ್ದ, 4 ಮೀಟರ್ ಅಗಲ, 1 ಮೀಟರ್ ಆಳ ಅಂದರೆ 24 ಘನ ಮೀಟರ್ ಮಣ್ಣು. ತೂಕ ಸುಮಾರು 40 ಟನ್. ಅಗೆದ ಮಣ್ಣು ಸಡಿಲವಾಗಿ ಉಬ್ಬುವುದರಿಂದ ರಾಶಿ 30 ಘನ ಮೀಟರಿನಷ್ಟಾಗುತ್ತದೆ. ಗೋಡೆ, ನೆಲದ ದಪ್ಪಕ್ಕೆ ತೋಡುವುದು ಬೇರೆ. ಇಷ್ಟನ್ನು ಎಲ್ಲಿ ಹಾಕುವುದು ಅಂತ ಮೊದಲೇ ಗೊತ್ತಿರಲಿ. ಹೊಂಡದ ಅಂಚಿನಿಂದ ಕನಿಷ್ಠ ಒಂದು ಮೀಟರ್ ದೂರ ಸುರಿಯಿರಿ, ಬದಿಗಳನ್ನು ಓರೆಯಾಗಿ ಕಡಿಯಿರಿ. ಕುಸಿದ ಮಣ್ಣಿನಡಿ ಸಿಕ್ಕವರಿಗೆ ಉಸಿರಾಡುವುದಕ್ಕೂ ಆಗುವುದಿಲ್ಲ. ಒಬ್ಬರೇ ಇಳಿದು ಅಗೆಯಬೇಡಿ.

ಗೋಡೆ ಮತ್ತು ನೀರಿನ ದಾರಿ

ಗೋಡೆಯ ಹಿಂದೆ ಒಂದು ಮೀಟರ್ ಎತ್ತರಕ್ಕೆ ನೀರು ನಿಂತರೆ, ಅದರ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು ಒಂದು ಟನ್ ಒತ್ತಡ ಬೀಳುತ್ತದೆ. ಮಣ್ಣು ತಳ್ಳುವುದು ಅದರ ಜೊತೆಗೆ. ಸುಮ್ನೆ ಇಟ್ಟಿಗೆ ಜೋಡಿಸಿದ ತೆಳು ಗೋಡೆ ಇದನ್ನು ತಡೆಯದು. ಕಂಬಿ ಹಾಕಿದ ಕಾಂಕ್ರೀಟ್ ಗೋಡೆ, ಇಲ್ಲವೇ ಒಳಗೆ ಕಂಬಿ ನಿಲ್ಲಿಸಿ ಕಾಂಕ್ರೀಟ್ ತುಂಬಿದ ಟೊಳ್ಳು ಬ್ಲಾಕಿನ ಗೋಡೆ ಬೇಕು. ಕಂಬಿಯ ಲೆಕ್ಕ ಎಂಜಿನಿಯರೇ ಹಾಕಲಿ.

ಎಷ್ಟೇ ಗಟ್ಟಿ ಗೋಡೆಯಾದರೂ ನೀರನ್ನು ಹಿಂದೆ ನಿಲ್ಲಲು ಬಿಡುವುದಕ್ಕಿಂತ ಹರಿಸಿ ಕಳಿಸುವುದೇ ಮೇಲು. ವಾಟರ್‌ಪ್ರೂಫ್ ಪದರವನ್ನು ಗೋಡೆಯ ಹೊರಬದಿಗೆ, ಅಂದರೆ ಮಣ್ಣಿನ ಕಡೆಗೆ ಹಚ್ಚಿ. ಒಳಗಿನಿಂದ ಹಚ್ಚಿದರೆ ನೀರಿನ ಒತ್ತಡ ಅದನ್ನು ಗೋಡೆಯಿಂದ ಎಬ್ಬಿಸಿಬಿಡಬಹುದು. ಬುಡದಲ್ಲಿ, ಒಳನೆಲಕ್ಕಿಂತ ಕೆಳಗೆ, ತೂತಿನ ಪೈಪ್ ಹಾಸಿ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಸಾಕು. ಪೈಪ್ ಮತ್ತು ಗೋಡೆಯ ಹಿಂದೆ ಜಲ್ಲಿ ತುಂಬಿ, ಮಣ್ಣು ಸೇರದಂತೆ ಜಲ್ಲಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ. ಹಿತ್ತಲು ಇಳಿಜಾರಾಗಿದ್ದರೆ ಪೈಪನ್ನು ತಗ್ಗಿನ ಕಡೆ ಹೊರಗೆ ಬಿಡಿ. ಸಪಾಟಾಗಿದ್ದರೆ ಸಂಪ್ ತೋಡಿ, ತಾನಾಗಿ ಚಾಲೂ ಆಗುವ ಪಂಪ್ ಇಡಿ.

ಕಾಂಕ್ರೀಟನ್ನು ಕನಿಷ್ಠ 7 ದಿನ ಒದ್ದೆಯಾಗಿಡಿ. ಅದು ಪೂರ್ತಿ ಬಲಕ್ಕೆ ಬರುವುದು 28 ದಿನಕ್ಕೆ ಅಂತ ಲೆಕ್ಕ. ಅವಸರ ಪಟ್ಟು ಬೇಗ ಮಣ್ಣು ತುಂಬಿದರೆ ಗೋಡೆ ವಾಲುತ್ತದೆ.

ನೆಲ, ಮೆಟ್ಟಿಲು, ಕಿಟಕಿ

ಜಲ್ಲಿ, ಅದರ ಮೇಲೆ ಮರಳು, ದಪ್ಪ ಪ್ಲಾಸ್ಟಿಕ್ ಹಾಳೆ, ಕೊನೆಗೆ ಕಾಂಕ್ರೀಟ್. ಹಾಳೆಯನ್ನು ಗೋಡೆಯ ವಾಟರ್‌ಪ್ರೂಫ್ ಪದರಕ್ಕೆ ಕೂಡಿಸುವುದನ್ನು ಮರೆಯಬೇಡಿ. ಸೋರುವುದು ಜಾಸ್ತಿ ಆ ಮೂಲೆಯಲ್ಲೇ.

ಮೆಟ್ಟಿಲ ಬುಡಕ್ಕೆ ಜಾಲರಿ ಮುಚ್ಚಿದ ಚರಂಡಿ, ಬಾಗಿಲಿಗೆ ಎತ್ತರದ ಹೊಸ್ತಿಲು ಇರಲಿ. 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಾಳೆ ಹಿಡಿದು ಇಳಿಯುವಷ್ಟು ಜಾಗ ಬಿಡಿ. ನೆಲಮಟ್ಟದ ಮೇಲೆ ಎದುರುಬದುರು ಕಿಟಕಿಗಳಿದ್ದರೆ ಬೆಳಕೂ ಬರುತ್ತದೆ, ಗಾಳಿಯೂ ಆಡುತ್ತದೆ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ದೂರ ಸಾಗಿಸಿ.

ಪ್ಲಗ್ ಪಾಯಿಂಟ್‌ಗಳನ್ನು ಬೆಂಚಿಗಿಂತ ಮೇಲೆ ಕೂರಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಹಾಕಿಸಿ. ಪೆಟ್ರೋಲ್, ತಿನ್ನರ್, ಗ್ಯಾಸ್ ಸಿಲಿಂಡರ್ ಮಾತ್ರ ಇಲ್ಲಿ ಬೇಡವೇ ಬೇಡ. ಇವುಗಳ ಆವಿ, ಅಡುಗೆ ಅನಿಲ ಎಲ್ಲ ಗಾಳಿಗಿಂತ ಭಾರ. ಸೋರಿದರೆ ತಗ್ಗಿನಲ್ಲೇ ನಿಲ್ಲುತ್ತವೆ, ಒಂದು ಕಿಡಿ ಸಾಕು. ಅವಕ್ಕೆ ನೆಲದ ಮೇಲೆಯೇ, ಗಾಳಿಯಾಡುವ ಕಡೆ ಬೇರೆ ಜಾಗ ಮಾಡಿ.