ಟೆಸ್ಟಿಗೆ ಗೊಂಬೆಯನ್ನಲ್ಲ, ಅರಗಿನ ಕಡ್ಡಿಯನ್ನು ಕಳಿಸಿದೆ: ಅಮೆರಿಕಕ್ಕೆ ಚನ್ನಪಟ್ಟಣದ ಗೊಂಬೆ, ನನ್ನ ಅನುಭವ

ಅರಗಿನ ಬಣ್ಣ ಅಮೆರಿಕದ ಟೆಸ್ಟ್‌ನಲ್ಲಿ ಪಾಸಾಗುವುದಿಲ್ಲ, ಸುಮ್ನೆ ದುಡ್ಡು ಕಳೆದುಕೊಳ್ಳಬೇಡ, ಸ್ಪ್ರೇ ಪೇಂಟಿಗೆ ಹೋಗು ಅಂತ ನನಗೆ ಹೇಳದವರೇ ಇಲ್ಲ. ಎಕ್ಸ್‌ಪೋರ್ಟ್ ಏಜೆಂಟ್ ಹೇಳಿದರು, ಪಕ್ಕದ ಯೂನಿಟ್‌ನವರು ಹೇಳಿದರು, ಹುಟ್ಟಿನಿಂದ ಲೇತ್ ಮುಂದೆ ಕೂತ ನಮ್ಮ ದೊಡ್ಡಪ್ಪನೂ ಹೇಳಿದರು. ಈಗ ನಮ್ಮ ಎಂಟು ಬಣ್ಣಕ್ಕೂ ರಿಪೋರ್ಟ್ ಇದೆ. ಎಲ್ಲದರಲ್ಲೂ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮಿತಿಯೊಳಗೇ ಇದೆ, ಅರ್ಧಕ್ಕಿಂತ ಜಾಸ್ತಿ ಬಣ್ಣಗಳಲ್ಲಿ ಲ್ಯಾಬಿನ ಮೆಷಿನ್‌ಗೂ ಸಿಗದಷ್ಟು ಕಡಿಮೆ. ಸ್ಪ್ರೇ ಗನ್ ನಮ್ಮ ಯೂನಿಟ್‌ಗೆ ಬಂದೇ ಇಲ್ಲ. ಆಲೆ ಮರ, ಬಣ್ಣ ಕಲಸಿದ ಅರಗಿನ ಕಡ್ಡಿ, ಹೊಳಪು ಕೊಡುವ ಕೇದಗೆ ಗರಿ, ಅಷ್ಟೇ. ಹೇಗಾಯಿತು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಕಡೆಯುವ ಕೆಲಸ ಗೊತ್ತಿರುವವರಿಗೆ ಬರೆದದ್ದು ಇದು, ಅರಗು ಹಚ್ಚುವುದು ಹೇಗೆ ಅಂತ ವಿವರಿಸುವುದಿಲ್ಲ.

2023ರಲ್ಲಿ ದಶಪಥ ಹೆದ್ದಾರಿ ಬಂತು, ಬೆಂಗಳೂರು–ಮೈಸೂರು ಕಾರುಗಳೆಲ್ಲ ಊರ ಹೊರಗಿನಿಂದಲೇ ಹೋಗತೊಡಗಿದವು, ಹಳೇ ರಸ್ತೆಯ ಅಂಗಡಿಗಳ ವ್ಯಾಪಾರ ಏನಾಯಿತು ಅಂತ ನಿಮಗೇ ಗೊತ್ತು. ನಾನು ಮಾಲು ಕೊಡುತ್ತಿದ್ದ ಅಂಗಡಿಗಳ ಆರ್ಡರ್ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅದೇ ಹೊತ್ತಿಗೆ ನ್ಯೂಜೆರ್ಸಿಯಲ್ಲಿರುವ ಕನ್ನಡದ ದಂಪತಿ ಒಬ್ಬರು ಮಕ್ಕಳ ಆಟಿಕೆ ತರಿಸಿ ಮಾರುವ ಯೋಚನೆಯಲ್ಲಿದ್ದರು. ಗಿಲಕಿ, ಎಳೆಯುವ ಗಾಡಿ, ಉಂಗುರ ಪೇರಿಸುವ ಗೊಂಬೆ ಬೇಕು ಅಂದರು. ಜೊತೆಗೇ ಹೇಳಿದರು: ಪ್ರತಿ ಐಟಂಗೂ ಮಕ್ಕಳ ಉತ್ಪನ್ನದ ಸರ್ಟಿಫಿಕೇಟ್ ಬೇಕು, ಅದಕ್ಕೆ ಸಿಪಿಎಸ್‌ಸಿ (ಅಲ್ಲಿಯ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ) ಒಪ್ಪಿದ ಲ್ಯಾಬಿನ ರಿಪೋರ್ಟ್ ಬೇಕು.

ಇಲ್ಲಿ ನಮ್ಮವರಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಆಟಿಕೆಗೆ ಐಎಸ್‌ಐ ಮಾರ್ಕ್ ಕಡ್ಡಾಯ ಆದಾಗ ನೋಂದಾಯಿತ ಕುಶಲಕರ್ಮಿಗಳಿಗೂ ಊರಿನ ಹೆಸರಿನ ಜಿಐ ಗುರುತಿನ ಬಳಕೆದಾರರಿಗೂ ವಿನಾಯಿತಿ ಸಿಕ್ಕಿತು, ಅಲ್ವಾ? ಆ ವಿನಾಯಿತಿ ಅಮೆರಿಕದಲ್ಲಿ ಮೂರು ಕಾಸಿಗೂ ಬರುವುದಿಲ್ಲ. ಅಲ್ಲಿಯ 2008ರ ಫೆಡರಲ್ ಕಾನೂನು ಕೈಯಲ್ಲಿ ಮಾಡಿದ್ದೋ ಕಾರ್ಖಾನೆಯದ್ದೋ ಅಂತ ನೋಡಲ್ಲ. 2007ರಲ್ಲಿ ಸೀಸದ ಬಣ್ಣದ ಆಟಿಕೆಗಳನ್ನು ಲಕ್ಷಗಟ್ಟಲೆ ವಾಪಸ್ ಕರೆಸಿಕೊಂಡ ಮೇಲೆ ಬಂದ ಕಾನೂನು ಅದು. ಮಗು ಬಾಯಿಗೆ ಇಡುವ ವಸ್ತು ಇದು, ಆ ಕಟ್ಟುನಿಟ್ಟು ಸರಿ ಅಂತಲೇ ನನ್ನ ಅಭಿಪ್ರಾಯ.

ಮೊದಲ ಸುತ್ತಿನಲ್ಲಿ ಐದು ಐಟಂ ಕಳಿಸಿದೆವು. ಒಂದೊಂದು ಐಟಂಗೆ ಎಲ್ಲ ಟೆಸ್ಟ್ ಸೇರಿ 15–18 ಸಾವಿರ, ಜಿಎಸ್‌ಟಿ ಬೇರೆ. ಒಟ್ಟು 90 ಸಾವಿರದ ಹತ್ತಿರ ಹೋಯಿತು ಅಂತ ನೆನಪು. ಹಳದಿ ಫೇಲ್, ಕಿತ್ತಳೆ ಫೇಲ್, ಹಸಿರು ಫೇಲ್. ಕೆಂಪಿನಲ್ಲಿ ಬೇರಿಯಂ ಸ್ವಲ್ಪ ಕಂಡಿತು, ಅದು ಮಿತಿಯೊಳಗಿತ್ತು. ಫೇಲಾದ ಮೂರಕ್ಕೂ ಮೂಲ ಒಂದೇ, ಹಳದಿ ಪುಡಿ. ಕಿತ್ತಳೆಗೂ ಹಸಿರಿಗೂ ಅದೇ ಪುಡಿ ಬೀಳುತ್ತೆ ಅಲ್ವಾ. ಹಳದಿಯಲ್ಲಿ ಸೀಸ ಸಾವಿರಗಳ ಲೆಕ್ಕದಲ್ಲಿತ್ತು. ಆ ಡಬ್ಬಿಯ ಮೇಲೆ ಸೀಸ ಇಲ್ಲ ಅಂತ ಅಚ್ಚಾಗಿತ್ತು, ಬಿಲ್ ಕೂಡ ಇತ್ತು. ಪಳಪಳ ಹೊಳೆಯುವ ಅಗ್ಗದ ಹಳದಿ ಅಂದರೆ ಹೆಚ್ಚಾಗಿ ಕ್ರೋಮ್ ಹಳದಿ, ಅಂದರೆ ಲೆಡ್ ಕ್ರೋಮೇಟ್. ಡಬ್ಬಿಯ ಮೇಲಿನ ಅಕ್ಷರ ನಂಬಿ ಯಾರೂ ಮಾಲು ಮಾಡಬೇಡಿ.

ಸರಿ, ನೈಸರ್ಗಿಕ ಬಣ್ಣಕ್ಕೆ ಹೋದೆ. ಅರಿಶಿನ. ಆ ಸ್ಯಾಂಪಲ್ ಕೂಡ ಮಿತಿ ದಾಟಿತು! ಆಗ ನಮ್ಮ ಮನೆಯವರೇ ಇದನ್ನೆಲ್ಲ ನಿಲ್ಲಿಸು ಅಂದರು. ಅರಿಶಿನದಲ್ಲಿ ಸೀಸ ಎಲ್ಲಿಂದ ಬರುತ್ತೆ ಅಂತ ಹುಡುಕುತ್ತಾ ಹೋದಾಗ ಬಾಂಗ್ಲಾದೇಶದ ಸುದ್ದಿ ಸಿಕ್ಕಿತು. ಕೊಂಬಿಗೆ ಹೊಳಪು ಬರಲಿ ಅಂತ ಲೆಡ್ ಕ್ರೋಮೇಟ್ ತಿಕ್ಕುವ ಚಾಳಿ ಅಲ್ಲಿ ಪತ್ತೆಯಾಗಿ, 2019ರಿಂದ ಅಲ್ಲಿಯ ಸರ್ಕಾರ ಗಟ್ಟಿ ಕ್ರಮ ತೆಗೆದುಕೊಂಡಿತು. ನಾನು ತಂದದ್ದು ಸಂತೆಯ ಬಿಡಿ ಪುಡಿ. ಅದನ್ನು ಬಿಟ್ಟು ಚಾಮರಾಜನಗರದ ಕಡೆಯ ರೈತರೊಬ್ಬರಿಂದ ಪಾಲಿಶ್ ಮಾಡದ ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿಸಿದೆ. ಅದು ಪಾಸ್. ಆದರೆ ಅರಿಶಿನ ಬಿಸಿಲಿಗೆ ನಿಲ್ಲುವುದಿಲ್ಲ, ಕಿಟಕಿ ಪಕ್ಕ ಇಟ್ಟ ಗೊಂಬೆ ಕೆಲವು ವಾರದಲ್ಲೇ ಪೇಲವ ಆಗುತ್ತೆ. ಹಾಗಾಗಿ ಈಗ ಎರಡು ಹಳದಿ ಇದೆ: ನೈಸರ್ಗಿಕ ಅಂತ ಕೇಳುವವರಿಗೆ ಅರಿಶಿನ, ಉಳಿದವರಿಗೆ ಸೀಸವೇ ಇಲ್ಲದ ಒಂದು ಆರ್ಗ್ಯಾನಿಕ್ ಪಿಗ್ಮೆಂಟ್. ಅದು ಯಾವುದು, ಅರಗಿಗೆ ಎಷ್ಟು, ಎಷ್ಟು ಬಿಸಿಗೆ ಹಾಕಬೇಕು ಅನ್ನುವುದು ನನ್ನ ಬಳಿಯೇ ಇರಲಿ. ಆ ಅಳತೆ ಸಿಗಲು ಒಂದು ಮಳೆಗಾಲ ಪೂರ್ತಿ ಹೋಗಿದೆ.

ಲ್ಯಾಬಿಗೆ ಪ್ರತಿ ಸಲ ದುಡ್ಡು ಸುರಿಯುವ ಬದಲು ಮನೆಯಲ್ಲೇ ಮೊದಲು ನೋಡಿಕೊಳ್ಳೋಣ ಅಂತ ಒಂದೆರಡು ಪ್ರಯೋಗ ಮಾಡಿದೆ. ಸೀಸ ಇದ್ದರೆ ಕೆಂಪಾಗುವ ಟೆಸ್ಟ್ ಕಡ್ಡಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ನಮ್ಮ ಕೆಲಸಕ್ಕೆ ಅವು ಪ್ರಯೋಜನ ಇಲ್ಲ. ಕೆಂಪು ಗೊಂಬೆ ಮೇಲೆ ತಿಕ್ಕಿದರೆ ಬಣ್ಣವೇ ಹತ್ತಿಕೊಂಡು ಕೆಂಪಾಗುತ್ತೆ, ಕ್ರೋಮ್ ಹಳದಿ ಮೇಲೆ ತಿಕ್ಕಿದರೆ ಸೀಸ ಇದ್ದರೂ ಸರಿಯಾಗಿ ತೋರಿಸಲ್ಲ. ಆಮೇಲೆ ಚಿನ್ನದ ಅಂಗಡಿಯ ಸ್ನೇಹಿತರೊಬ್ಬರ ಕ್ಯಾರೆಟ್ ಮೀಟರ್ ನೆನಪಾಯಿತು. ಅದೂ ಕ್ಷ-ಕಿರಣ ಹಾಯಿಸಿ ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಮೆಷಿನ್ನೇ ತಾನೆ. ಹಳೇ ಹಳದಿ ಪುಡಿ ಇಟ್ಟಾಗ ಸೀಸ ಥಟ್ಟನೆ ತೋರಿಸಿತು. 90 ಪಿಪಿಎಂ ಮಟ್ಟದಲ್ಲಿ ಅದನ್ನು ನಂಬುವ ಹಾಗಿಲ್ಲ, ಅದರ ಲೆಕ್ಕಾಚಾರ ಚಿನ್ನಕ್ಕೆ ಹೊಂದಿಸಿದ್ದು. ಆದರೂ ಹೊಸ ಪುಡಿ ತಂದಾಗ ತೀರಾ ಕೆಟ್ಟದ್ದನ್ನು ಬಾಗಿಲಲ್ಲೇ ತಡೆಯಲು ಸಾಕು. ಈಗಲೂ ಹಾಗೇ ಮಾಡುತ್ತೇನೆ, ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ.

ಈಗ ಮುಖ್ಯ ವಿಷಯ. ನಾವೆಲ್ಲ ಗೊಂಬೆಯನ್ನು ಟೆಸ್ಟಿಗೆ ಕಳಿಸುತ್ತೇವೆ. ಹತ್ತು ಗೊಂಬೆಯಲ್ಲಿ ಅದೇ ಎಂಟು ಬಣ್ಣ ಇದ್ದರೂ ಪ್ರತಿ ಗೊಂಬೆಗೂ ಪ್ರತಿ ಬಣ್ಣಕ್ಕೂ ದುಡ್ಡು. ಅಮೆರಿಕದ ನಿಯಮದಲ್ಲೇ ಬಿಡಿ ಭಾಗದ ಟೆಸ್ಟಿಂಗ್‌ಗೆ ಅವಕಾಶ ಇದೆ, ಅವರ ಫೆಡರಲ್ ನಿಯಮಗಳ ಸಂಹಿತೆ 16 ಸಿಎಫ್‌ಆರ್‌ನ 1109ನೇ ಭಾಗ ನೋಡಿ. ಬಣ್ಣವನ್ನು ಬೇರೆಯಾಗಿಯೇ, ಯಾವುದಾದರೂ ಸರಿಯಾದ ಮೇಲ್ಮೈಗೆ ಹಚ್ಚಿ, ಒಣಗಿದ ಪದರವನ್ನು ಕೆರೆದು ಟೆಸ್ಟ್ ಮಾಡಬಹುದು. ಆ ಬ್ಯಾಚಿನ ಬಣ್ಣ ಹಚ್ಚಿದ ಎಲ್ಲ ಗೊಂಬೆಗೂ ಆ ರಿಪೋರ್ಟ್ ನಡೆಯುತ್ತೆ. ಮರಕ್ಕೆ ಸೀಸದ ಟೆಸ್ಟೇ ಬೇಡ, ಏನೂ ಸೇರಿಸದ ಮರದಲ್ಲಿ ಸೀಸ ಮಿತಿ ದಾಟುವುದಿಲ್ಲ ಅಂತ ಸಿಪಿಎಸ್‌ಸಿಯವರೇ ಒಪ್ಪಿಬಿಟ್ಟಿದ್ದಾರೆ. ಅಂದರೆ ನಮ್ಮ ಇಡೀ ರಾಸಾಯನಿಕ ತಲೆನೋವು ಅರಗಿನ ಕಡ್ಡಿಯಲ್ಲಿದೆ!

ಅಲ್ಲಿಂದ ಕೆಲಸದ ರೀತಿಯನ್ನೇ ಬದಲಾಯಿಸಿದೆ. ಮೊದಲು ಬೇಕಾದಾಗ ಬೇಕಾದಷ್ಟು ಅರಗು ಕಾಯಿಸಿ ಬಣ್ಣ ಕಲಸಿ ಕಡ್ಡಿ ಎಳೆಯುತ್ತಿದ್ದೆವು, ವಾರಕ್ಕೊಂದು ಹಳದಿ. ಈಗ ಒಂದು ಬಣ್ಣಕ್ಕೆ ವರ್ಷಕ್ಕೆ ಬೇಕಾದ ಅರಗನ್ನು, ಐದಾರು ಕಿಲೋ, ಒಂದೇ ಸಲ ಕೂತು ಮಾಡುತ್ತೇವೆ. ಒಂದೇ ಮೂಟೆಯ ಅರಗು, ಒಂದೇ ಡಬ್ಬಿಯ ಬಣ್ಣ. ಕಡ್ಡಿಗಳನ್ನು ಡಬ್ಬಿಗೆ ಹಾಕಿ ಬ್ಯಾಚ್ ನಂಬರ್ ಬರೆದು ಬೀಗ ಹಾಕುತ್ತೇನೆ. ಮೊದಲ ಕಡ್ಡಿ, ನಡುವಿನ ಕಡ್ಡಿ, ಕೊನೆಯ ಕಡ್ಡಿ ಮೂರರಿಂದಲೂ ಬಿಸಿ ಗಾಜಿನ ತಟ್ಟೆಗೆ ತೆಳುವಾಗಿ ಎಳೆದು, ಆರಿದ ಮೇಲೆ ಕೆರೆದು ಕಳಿಸುತ್ತೇನೆ. ಗಾಜಿನಿಂದ ಕೆರೆದರೆ ಮರದ ಪುಡಿ ಸೇರುವುದಿಲ್ಲ. ಮೊದಲು ಲ್ಯಾಬಿನವರು ಸ್ಯಾಂಪಲ್ ಸಾಲದು, ಇನ್ನಷ್ಟು ಗೊಂಬೆ ಕಳಿಸಿ ಅಂತ ಪದೇ ಪದೇ ಕೇಳುತ್ತಿದ್ದರು, ಆ ಕಾಟವೂ ತಪ್ಪಿತು. ಸೀಸದ ಜೊತೆಗೆ ಅಮೆರಿಕದ ಆಟಿಕೆ ಸುರಕ್ಷತಾ ಮಾನದಂಡ ಎಎಸ್‌ಟಿಎಂ ಎಫ್963ರ ಎಂಟು ಲೋಹಗಳನ್ನೂ ಅದೇ ಪುಡಿಯಲ್ಲಿ ನೋಡುತ್ತಾರೆ. ಒಂದು ಬಣ್ಣಕ್ಕೆ ಎಲ್ಲ ಸೇರಿ 4 ಸಾವಿರದ ಆಸುಪಾಸು. ಎಂಟು ಬಣ್ಣಕ್ಕೆ 32–35 ಸಾವಿರ, ವರ್ಷಕ್ಕೊಮ್ಮೆ. ಎಷ್ಟು ಹೊಸ ಮಾದರಿ ಮಾಡಿದರೂ ಬಣ್ಣದ ಖರ್ಚು ಅಷ್ಟೇ. ಇದಕ್ಕೆ ಮೊದಲು ಎಲ್ಲ ಸುತ್ತು ಸೇರಿ ಸುಮಾರು 3 ಲಕ್ಷ ಕೈಬಿಟ್ಟಿತ್ತು.

ಕಡ್ಡಿ ಪಾಸಾಯಿತು ಅಂದ ತಕ್ಷಣ ಗೊಂಬೆ ಪಾಸ್ ಅಂತಲ್ಲ. ಖಾತ್ರಿಗೆ ಅಂತ ತಯಾರಾದ ಕೆಲವು ಗೊಂಬೆ ಕಳಿಸಿದಾಗ ಕಿತ್ತಳೆಯಲ್ಲಿ ಸೀಸ ಮತ್ತೆ ತಲೆ ಎತ್ತಿತು. ಮಿತಿಯೊಳಗೇ, ಆದರೆ ಕಡ್ಡಿಯಲ್ಲಿ ಇಲ್ಲದ್ದು ಗೊಂಬೆಗೆ ಬಂದದ್ದು ಹೇಗೆ? ಒಂದೊಂದೇ ತೆಗೆದು ನೋಡಿದಾಗ ಸಿಕ್ಕಿದ್ದು ಕೇದಗೆ ಗರಿ. ಲೋಕಲ್ ಮಾಲಿಗೆ ಉಜ್ಜಿದ ಹಳೇ ಗರಿಯಲ್ಲೇ ಹೊಳಪು ಕೊಟ್ಟಿದ್ದರು, ಅದರಲ್ಲಿ ಹಳೇ ಕ್ರೋಮ್ ಹಳದಿ ಅಂಟಿತ್ತು. ಈಗ ಒಂದು ಲೇತ್ ಬರೀ ಎಕ್ಸ್‌ಪೋರ್ಟಿಗೆ. ಗರಿ ಬೇರೆ, ಬಟ್ಟೆ ಬೇರೆ, ಉಳಿ ಬೇರೆ, ಆ ಮೂಲೆಗೆ ಹಳೇ ಕಡ್ಡಿ ಬರುವಂತಿಲ್ಲ. ಹಳೇ ಹಳದಿಯನ್ನು ಲೋಕಲ್ ಮಾಲಿನಿಂದಲೂ ತೆಗೆದೆ. ಅಮೆರಿಕದ ಮಗುವಿಗೆ ಬೇಡವಾದದ್ದು ಮಂಡ್ಯದ ಮಗುವಿಗೂ ಬೇಡ.

ಇನ್ನು ಮುರಿಯುವ, ನುಂಗುವ ಟೆಸ್ಟುಗಳು. ಇವನ್ನು ಮನೆಯಲ್ಲೇ ಪೂರ್ತಿ ಮಾಡಬಹುದು, ಲ್ಯಾಬಿಗೆ ಹೋಗುವ ಮೊದಲೇ ಫಲಿತಾಂಶ ಗೊತ್ತಿರುತ್ತೆ. ಸಣ್ಣ ಭಾಗದ ಸಿಲಿಂಡರ್ ಲೇತ್‌ನಲ್ಲೇ ಕಡೆದುಕೊಳ್ಳಿ: ಒಳ ವ್ಯಾಸ 31.7 ಮಿಮೀ, ಓರೆ ತಳ, ಒಂದು ಕಡೆ ಆಳ 25.4, ಇನ್ನೊಂದು ಕಡೆ 57.1. ಮೂರು ವರ್ಷದೊಳಗಿನ ಮಗುವಿನ ಗೊಂಬೆಯಿಂದ ಕಳಚಿದ ಯಾವ ಚೂರೂ ಅದರೊಳಗೆ ಪೂರ್ತಿ ಕೂರಬಾರದು. ಒಂದೂವರೆ ವರ್ಷದೊಳಗಿನವರ ಗೊಂಬೆಯನ್ನು ನಾಲ್ಕೂವರೆ ಅಡಿಯಿಂದ ಹತ್ತು ಸಲ ಬೀಳಿಸುತ್ತಾರೆ, ಕಾಂಕ್ರೀಟ್ ಮೇಲೆ ವಿನೈಲ್ ಟೈಲ್ ಹಾಸಿ. ಒಂದೂವರೆಯಿಂದ ಮೂರು ವರ್ಷದವರದ್ದಾದರೆ ಮೂರಡಿಯಿಂದ ನಾಲ್ಕು ಸಲ, ಆಮೇಲೆ 15 ಪೌಂಡ್ ಎಳೆತ. ನಮ್ಮ ಎಳೆಯುವ ಗಾಡಿಯ ಚಕ್ರ ಇಲ್ಲೇ ಕಳಚುತ್ತಿತ್ತು. ಅಂಟು ಬದಲಿಸಿದೆ, ಗೂಟ ದಪ್ಪ ಮಾಡಿದೆ, ಆಗಲಿಲ್ಲ. ತೊಂದರೆ ಮರದ ತೇವದಲ್ಲಿತ್ತು. ಆಲೆ ಮರ ಕೈಗೆ ಒಣಗಿದಂತೆ ಕಂಡರೂ ಒಳಗೆ ಶೇ 15ರ ಮೇಲೆ ತೇವ ಇತ್ತು. ಲ್ಯಾಬಿನ ಎಸಿ ಕೋಣೆಯಲ್ಲಿ ನಾಲ್ಕು ದಿನ ಇದ್ದರೆ ಗೂಟ ಸೊರಗಿ ಸಡಿಲ. ಎರಡೂವರೆ ಸಾವಿರಕ್ಕೆ ತೇವದ ಮೀಟರ್ ತಂದೆ, ಈಗ ಶೇ 9–10ಕ್ಕೆ ಇಳಿಸಿಯೇ ಗೂಟ ಹೊಡೆಯುವುದು. ಗೂಟವನ್ನು ತೂತಿನ ಮರಕ್ಕಿಂತಲೂ ಜಾಸ್ತಿ ಒಣಗಿಸುತ್ತೇನೆ, ಆಮೇಲೆ ಅದು ಊದಿ ಬಿಗಿಯಾಗುತ್ತೆ.

ಗಿಲಕಿಗೆ ಇನ್ನೊಂದು ಅಳತೆ ಇದೆ, 35 × 50 ಮಿಮೀ ಬಾಯಿ, 30 ಮಿಮೀ ಆಳದ ಅಚ್ಚು. ಗಿಲಕಿಯ ಯಾವ ತುದಿಯೂ ತನ್ನ ಭಾರಕ್ಕೇ ಅದರ ತಳದವರೆಗೆ ಇಳಿಯಬಾರದು. ನಮ್ಮ ಹಳೇ ಮಾದರಿಯ ಹಿಡಿ ಸೀದಾ ಒಳಗೆ ಹೋಯಿತು. ಹಿಡಿಯ ತುದಿ ದೊಡ್ಡದು ಮಾಡಿದ್ದಾಯಿತು. ಒಳಗೆ ಕಾಳು ಹಾಕಿ ಮುಚ್ಚಳ ಅಂಟಿಸುವುದನ್ನೂ ಬಿಟ್ಟೆ, ಒಂದೇ ಮರದಲ್ಲಿ ಕಂಬದ ಸುತ್ತ ಬಿಡಿ ಉಂಗುರ ಕಡೆದೆ. ಅಂಟೂ ಇಲ್ಲ, ಮುಚ್ಚಳವೂ ಇಲ್ಲ, ಕಳಚಲು ಏನೂ ಇಲ್ಲ. ಇದು ಲ್ಯಾಬಿನಲ್ಲಿ ಮೊದಲ ಸಲಕ್ಕೇ ಪಾಸಾಯಿತು, ಅಲ್ಲಿಯ ಹುಡುಗ ಇದನ್ನು ಹೇಗೆ ಒಳಗೆ ತೂರಿಸಿದಿರಿ ಅಂತ ಫೋನ್ ಮಾಡಿ ಕೇಳಿದ. ಉಂಗುರ ಎಷ್ಟು ದಪ್ಪ ಇದ್ದರೆ ಒಡೆಯುವುದಿಲ್ಲ, ಮರದ ಎಳೆ ಯಾವ ಕಡೆ ಇರಬೇಕು ಅನ್ನುವುದು ನಮ್ಮ ಯೂನಿಟ್‌ನ ವಿದ್ಯೆ, ಅದನ್ನು ಬರೆಯುವುದಿಲ್ಲ.

ಚೀಟಿಯ ಮೇಲೆ 3+ ಅಂತ ಬರೆದರೆ ಇವೆಲ್ಲ ತಪ್ಪುತ್ತೆ ಅನ್ನುವವರಿದ್ದಾರೆ. ತಪ್ಪುವುದಿಲ್ಲ. ಗಿಲಕಿ ಎಳೆ ಮಗುವಿನದ್ದು ಅಂತ ನೋಡಿದವರಿಗೆಲ್ಲ ಗೊತ್ತು, ಸಿಪಿಎಸ್‌ಸಿಯವರು ಅದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಕಾಗದದ ಕೆಲಸ ಅಂದುಕೊಂಡಷ್ಟಿಲ್ಲ. ಗೊಂಬೆಯ ಮೇಲೂ ಡಬ್ಬಿಯ ಮೇಲೂ ಯಾರು, ಎಲ್ಲಿ, ಯಾವಾಗ, ಯಾವ ಬ್ಯಾಚ್ ಅಂತ ಅಳಿಸದ ಗುರುತು ಬೇಕು. ನಾವು ತಳಕ್ಕೆ ಕಾದ ಕಬ್ಬಿಣದ ಮುದ್ರೆ ಒತ್ತುತ್ತೇವೆ. ಸರ್ಟಿಫಿಕೇಟ್ ಕೊಡುವುದು ಆಮದು ಮಾಡುವವರು, ನಮ್ಮದು ರಿಪೋರ್ಟ್ ಮತ್ತು ಬ್ಯಾಚ್ ಪುಸ್ತಕ. ಪುಸ್ತಕ ಐದು ವರ್ಷ ಇಟ್ಟುಕೊಳ್ಳಿ. ಪಿಗ್ಮೆಂಟ್ ಅಂಗಡಿ ಬದಲಾದರೆ ಟೆಸ್ಟ್ ಮತ್ತೆ ಮೊದಲಿನಿಂದ.

ದುಡ್ಡಿನ ಲೆಕ್ಕ: ಗಿಲಕಿ ಇಲ್ಲಿ ಅಂಗಡಿಗೆ 60–70 ರೂಪಾಯಿಗೆ ಹೋಗುತ್ತಿತ್ತು, ನ್ಯೂಜೆರ್ಸಿಯವರಿಗೆ 210ಕ್ಕೆ ಕೊಡುತ್ತೇನೆ. ಟೆಸ್ಟ್, ಒಣಗಿಸುವುದು, ಬೇರೆ ಲೇತ್ ಎಲ್ಲ ಸೇರಿ ಒಂದಕ್ಕೆ 25–30 ರೂಪಾಯಿ ಜಾಸ್ತಿ ಬೀಳುತ್ತೆ. 2025ರ ಆಗಸ್ಟ್ 27ರಿಂದ ಭಾರತದ ಮಾಲಿಗೆ ಶೇ 50 ಸುಂಕ ಬಿದ್ದಾಗ ಒಂದು ದೊಡ್ಡ ಆರ್ಡರ್ ನಿಂತುಹೋಯಿತು, ಆಗ ರೇಟನ್ನು 180ಕ್ಕೆ ಇಳಿಸಿದ್ದೆ. ಆದರೂ ನಷ್ಟ ಆಗಲಿಲ್ಲ. ಕೂಲಿಯನ್ನು ಕಡಿಮೆ ಮಾಡಲಿಲ್ಲ.

ಟೆಸ್ಟ್ ಆದ ಕಡ್ಡಿಯನ್ನು ರಿಪೋರ್ಟ್ ಸಮೇತ ಬೇರೆ ಯೂನಿಟ್‌ಗೆ ಕೊಡಲೂ ಆ ಬಿಡಿ ಭಾಗದ ಟೆಸ್ಟಿನ ನಿಯಮದಲ್ಲಿ ದಾರಿ ಇದೆ, ಯಾವ ಬ್ಯಾಚ್ ಯಾರಿಗೆ ಹೋಯಿತು ಅನ್ನುವ ಪತ್ರ ಜೊತೆಗಿರಬೇಕು. ಮುಂದಿನ ಬ್ಯಾಚ್ ದೀಪಾವಳಿ ಆದ ಮೇಲೆ ಮಾಡುತ್ತೇವೆ. ಕೆಂಪು, ಹಳದಿ, ಹಸಿರು, ನೀಲಿ ಒಂದೊಂದು ಕಿಲೋ ಜಾಸ್ತಿ ಎಳೆಯುತ್ತೇನೆ. ಬೇಕಾದವರು ಮೊದಲೇ ಹೇಳಿ. ಟೆಸ್ಟಿನ ಖರ್ಚು ಕಿಲೋ ಲೆಕ್ಕದಲ್ಲಿ ಹಂಚಿಕೊಂಡರೆ ಸಾಕು, ಆದರೆ ಹೊಸ ಗರಿ ಇಟ್ಟುಕೊಂಡವರಿಗೆ ಮಾತ್ರ ಕೊಡುವುದು.